ಎರಡು ಮನೆ ಹಿಂದುಳಿದ ಗಿಳಿ

ಚಿಂತಾಮಣಿಯ ಅಂಗಡಿಯಿಂದ ಒಂದು ಮೀಟರ್ ಮ್ಯಾಟಿ ಬಟ್ಟೆಯನ್ನೂ ಸೂಜಿಯನ್ನೂ ಬಣ್ಣದ ದಾರಗಳನ್ನೂ ಎದುರುಬದುರು ಕೂತ ಎರಡು ಗಿಳಿಗಳ ನಕ್ಷೆಯನ್ನೂ ತಂದ ದಿನ, ಆ ಸೂಜಿ ನಮ್ಮ ಸಂಸಾರವನ್ನೇ ಚುಚ್ಚೀತೆಂದು ನಾನು ಎಣಿಸಿರಲಿಲ್ಲ. ಕೆಂಚಾರ್ಲಹಳ್ಳಿಯಲ್ಲಿ ತಂಗಿಯ ಗೃಹಪ್ರವೇಶವಿತ್ತು. ಅವಳ ಗೋಡೆಗೆ ನನ್ನ ಕೈಯ ಕ್ರಾಸ್ ಸ್ಟಿಚ್ ಕೊಡುವೆನೆಂದು ಮಾತು ಕೊಟ್ಟಿದ್ದೆ. ನಕ್ಷೆಯ ಒಂದು ಚೌಕದ ಮನೆಗೆ ಬಟ್ಟೆಯ ಮೇಲೆ ಒಂದು ಹೊಲಿಗೆ, ಅಷ್ಟೇ. ಜೀವಮಾನವಿಡೀ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದವಳಿಗೆ ಎಣಿಕೆ ಕಷ್ಟವೇ, ನೀವೇ ಹೇಳಿ.

ಕಷ್ಟವೆಂದು ತೀರ್ಮಾನಿಸಿದವರು ನಮ್ಮ ಯಜಮಾನರು. ಸರ್ವೆಯರ್ ಆಗಿ ಊರೂರಿನ ಹೊಲಗಳನ್ನು ಅಳೆದವರು, ನಿವೃತ್ತಿಯ ನಂತರ ಅಳೆಯಲು ಏನೂ ಸಿಗದೆ ನನ್ನ ಸಾರಿನ ಉಪ್ಪನ್ನು ಅಳೆಯುತ್ತಿದ್ದರು. "ಹೊಲಿಯೋಳೇ ಲೆಕ್ಕ ಇಟ್ರೆ ತಪ್ಪಾಗತ್ತೆ. ನೀನು ಕೂಗು, ನಾನು ಗುರುತು ಹಾಕ್ತೀನಿ" ಎಂದು ಕೆಂಪು ಪೆನ್ಸಿಲ್ ಹಿಡಿದು ಎದುರು ಕೂತರು. ನಾನು "ಹದಿನೆಂಟು" ಎಂದರೆ ಅವರು ಹದಿನೆಂಟು ಮನೆಗಳಿಗೆ ಗೀಟು ಹಾಕಿ, ದಿನಾಂಕ ಬರೆದು, ಸಹಿ ಮಾಡುವರು. ನೀರು ಕುಡಿಯಲು ಏಳಬೇಕಾದರೂ ನನಗೆ ಸಾಲು ಮುಗಿಯಬೇಕಿತ್ತು.

ಗೃಹಪ್ರವೇಶಕ್ಕೆ ವಾರವಿದ್ದಾಗ ಎರಡನೆಯ ಗಿಳಿಗೆ ಕೊಕ್ಕು ಬಂತು. ಎರಡೂ ಗಿಳಿಗಳು ನಡುವಿನ ಮಾವಿನಹಣ್ಣನ್ನು ಕಚ್ಚಬೇಕಿತ್ತು. ಎಡಗಡೆಯದು ಕಚ್ಚಿತ್ತು, ಬಲಗಡೆಯದು ಎರಡು ಮನೆ ಹಿಂದೆಯೇ ನಿಂತು ಹಣ್ಣನ್ನು ನೋಡುತ್ತಿತ್ತು.

"ನಿಮ್ಮ ಲೆಕ್ಕ ತಪ್ಪಿದೆ ರೀ" ಎಂದೆ.

ಅವರು ಬಟ್ಟೆಯತ್ತ ಕಣ್ಣೂ ಹಾಯಿಸದೆ, "ನಕ್ಷೆ ಸರಿಯಾಗಿದೆ. ಬಟ್ಟೆ ತಪ್ಪಿದೆ" ಎಂದರು.

ಎಷ್ಟು ರೈತರು ತಮ್ಮ ಹೊಲದ ಬದುವಿನ ಮೇಲೆ ನಿಂತು ಈ ಮಾತು ಕೇಳಿರಬಹುದೆಂದು ಯೋಚಿಸಿದೆ. ಯೋಚಿಸಿದ್ದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅವರು ಪೆನ್ಸಿಲ್ ಮೇಜಿನ ಮೇಲಿಟ್ಟು ಎದ್ದುಹೋದರು. ಎರಡು ದಿನ ನಮ್ಮ ನಡುವೆ "ಊಟ", "ಹೂಂ" ಇಷ್ಟೇ ಮಾತು.

ಮೂರನೆಯ ದಿನ ಅವರು ಪೇಟೆಗೆ ಹೋದಾಗ, ಅವರ ತಪ್ಪನ್ನು ಕೈಯಾರೆ ಹಿಡಿಯುವ ಹುಮ್ಮಸ್ಸಿನಲ್ಲಿ ನಕ್ಷೆಯನ್ನೂ ಬಟ್ಟೆಯನ್ನೂ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಎಣಿಸಿದೆ. ಗಿಳಿಯ ಬೆನ್ನಿನ ಸಾಲಿಗೆ ಅವರು ಇಪ್ಪತ್ತೆರಡು ಗೀಟು ಹಾಕಿದ್ದರು, ಬಟ್ಟೆಯಲ್ಲಿದ್ದದ್ದು ಇಪ್ಪತ್ತು. ಆ ಸಾಲು ಹೊಲಿಯುವಾಗ ನಾನು ತಂಗಿಯೊಡನೆ ಫೋನಿನಲ್ಲಿ ಸೀರೆಯ ಅಂಚಿನ ಚರ್ಚೆಯಲ್ಲಿದ್ದೆ. ಇಪ್ಪತ್ತು ಹೊಲಿದು ಇಪ್ಪತ್ತೆರಡು ಕೂಗಿದ್ದೆ. ಅದರ ತುದಿಯಿಂದಲೇ ಕುತ್ತಿಗೆ, ತಲೆ, ಕೊಕ್ಕು ಎಲ್ಲ ಹೊರಟಿದ್ದವು. ಎಣಿಕೆ ತಪ್ಪಿದ್ದಕ್ಕೆ ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ, ಆ ಎಲ್ಲರೂ ಅಂದು ನಮ್ಮ ಪಡಸಾಲೆಗೆ ಬಂದು ನಿಂತಂತಾಯಿತು. ಗೀಟು ಹಾಕಿದ ಕಾಗದವನ್ನು ಹರಿದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲವೆಂಬ ಯೋಚನೆಯೂ ಬಂತು; ನಿಮ್ಮಲ್ಲಿ ಮುಚ್ಚಿಡುವುದೇನು.

ಅವರು ಬಂದು ಚಪ್ಪಲಿ ಬಿಡುವಷ್ಟರಲ್ಲಿ, "ತಪ್ಪು ನಂದೇ ರೀ" ಎಂದೆ.

ಗೆದ್ದವರ ಭಾಷಣಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವರು ಸುಮ್ಮನೆ ಕನ್ನಡಕ ಒರೆಸಿಕೊಂಡು, "ನೀನು ಫೋನಲ್ಲಿದ್ದೆ. ನಾನೂ ಒಂದ್ಸಲ ಬಟ್ಟೆ ನೋಡ್ಬೇಕಾಗಿತ್ತು" ಎಂದರು. ಆಮೇಲೆ ಚಿಕ್ಕ ಕತ್ತರಿ ತಂದು, ಬಟ್ಟೆಯ ಇನ್ನೊಂದು ಅಂಚನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಕೊಕ್ಕಿನಿಂದ ಬೆನ್ನಿನವರೆಗೆ ಒಂದೊಂದೇ ಎಳೆ ಬಿಡಿಸುತ್ತ ಇಬ್ಬರೂ ಸಂಜೆಯವರೆಗೆ ಕೂತಿದ್ದೆವು. ಎಷ್ಟು ಬಿಚ್ಚಿದೆವೆಂದು ಇಬ್ಬರೂ ಎಣಿಸಲಿಲ್ಲ.