ಚೀನಾದ ಮೇಡಂ ಜೊತೆ ಒಂದು ತುತ್ತು

ಹೊಂಗೆ ಮರದಡಿ ಕೂತು ಊಟದ ಡಬ್ಬಿ ಬಿಚ್ಚಿದ್ದೆ. ಬೆಳಿಗ್ಗೆಯಿಂದ ನಾನು ಯಾರ ಚೀಲ ಹೊತ್ತು ನಡೆದಿದ್ದೆನೋ, ಆ ಚೀನಾ ದೇಶದ ಮೇಡಂ ಬಂದು ನನ್ನ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ರಾಮನಗರದ ಹತ್ತಿರ ನಾನಿರುವ ಗಾಲ್ಫ್ ಮೈದಾನದಲ್ಲಿ ಆಟಗಾರರ ಕೋಲುಗಳ ಚೀಲ ಹೊರುವವರ ಪೈಕಿ ಹೆಂಗಸು ನಾನೊಬ್ಬಳೇ. ಗಂಡಸರು ಶೆಡ್ಡಿನಲ್ಲಿ ಒಟ್ಟಿಗೆ ಉಣ್ಣುತ್ತಾರೆ, ನಾನು ಹೊರಗೆ.

ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನೇ ಅಂದೆ: “ಮುದ್ದೆ ಐತೆ ಮೇಡಂ, ಒಸಿ ತಿಂತೀರಾ? ಅಗೀಬೇಡಿ, ನುಂಗ್ಬುಡಿ.”

ನಾನೊಂದು ತುತ್ತು ನುಂಗಿ ತೋರಿಸಿದೆ, ಅವರೂ ನಕ್ಕು ಒಂದು ತುತ್ತು ನುಂಗಿದರು. ಆಮೇಲೆ ಮೊಬೈಲಿಗೆ ತಮ್ಮ ಭಾಷೆಯಲ್ಲಿ ಮಾತಾಡಿದರು, ಅದು ಕನ್ನಡದಲ್ಲಿ ಹೇಳಿತು. ಅವರ ದೇಶದಲ್ಲಿ ಈ ಆಟವನ್ನೇ ವೃತ್ತಿ ಮಾಡಿಕೊಂಡ ಮೊದಮೊದಲ ಹೆಂಗಸರಲ್ಲಿ ಅವರೂ ಒಬ್ಬರಂತೆ. ಚಿಕ್ಕ ವಯಸ್ಸಿಗೇ ಒಬ್ಬರೇ ದೇಶ ದೇಶ ತಿರುಗಿದರಂತೆ. ಮೊದಲ ಸಲ ಗೆದ್ದ ದಿನ ಅಮ್ಮನಿಗೆ ಫೋನ್ ಮಾಡಿದರೆ, ಅದೆಂಥ ಆಟವೆಂದೇ ಅಮ್ಮನಿಗೆ ತಿಳಿಯಲಿಲ್ಲವಂತೆ. “ಊಟ ಆಯಿತಾ?” ಎಂದಷ್ಟೇ ಕೇಳಿ ಫೋನ್ ಇಟ್ಟುಬಿಟ್ಟರಂತೆ. ಗೆದ್ದ ಕಪ್ಪನ್ನು ಎದುರಿಗಿಟ್ಟುಕೊಂಡು ಹೋಟೆಲ್ ಕೋಣೆಯಲ್ಲಿ ಇವರೊಬ್ಬರೇ ಉಂಡರಂತೆ.

“ಈಗ್ಲೂ ಒಬ್ರೇನಾ ಮೇಡಂ?” ಎಂದೆ. ಮೊಬೈಲು ನನ್ನ ಮಾತನ್ನು ಅವರಿಗೆ ಹೇಳಿತು. ಅವರು ನನ್ನ ಮಂಡಿಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಎದ್ದು ಆಟಕ್ಕೆ ಹೊರಟರು.

ಮಾರನೆಯ ದಿನ ಅವರು ಊರಿಗೆ ಹೋದರು. ಎರಡು ಸಲ ಹೇಳಿಕೊಟ್ಟರೂ ಅವರ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಈಗಲೂ ಒಬ್ಬರೇನಾ ಅಂತ ಕೇಳಬಾರದಿತ್ತೇನೋ ಎಂದು ಆಗಾಗ ಅನಿಸುತ್ತದೆ. ಆದರೆ ಇಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು, ನನ್ನನ್ನು ಯಾರೂ ಅದನ್ನು ಕೇಳಿಲ್ಲ.