ಗಾಳಿಯ ಟಾಕಿ ಮತ್ತು ಉಡಿಬುಟ್ಟಿ

ಆ ಬಸ್ಸಿನಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಬ್ರಹ್ಮಪುರದ ನಮ್ಮ ಓಣಿಯ ಹೆಂಗಸರು. ಮುಂದಿನ ಸೀಟಿನಲ್ಲಿ ನಮ್ಮಜ್ಜಿ, ಓಣಿಗೆಲ್ಲ ಆಕೆ ಆಯಿ. ಪಕ್ಕದಲ್ಲಿ ಏಳು ತಿಂಗಳ ಬಸುರಿ ನನ್ನ ತಂಗಿ. ಎಂಜಿನ್ ಮೇಲಿನ ಬಿಸಿ ಸೀಟು ನನ್ನ ಪಾಲಿಗೆ. ತಂಗಿಯ ಅತ್ತೆಮನೆ ಕಮಲಾಪುರದಲ್ಲಿ, ಅವತ್ತು ಅಲ್ಲಿ ಅವಳ ಕುಬಸ, ಸೀಮಂತದ ಕಾರ್ಯ. ಬಸ್ಸು ಬಾಡಿಗೆಯದು, ನನ್ನಷ್ಟೇ ವಯಸ್ಸಾದದ್ದು. ಮಾಲೀಕರೇ ಓಡಿಸುತ್ತಿದ್ದರು. ಹಿಂದಿನ ಗಲ್ಲಿಯವರು, ನಮಗೆಲ್ಲ ಚಾಚಾ. ಆಯಿಗೆ ಮಾತ್ರ ತಮ್ಮ.

ಹೊರಡುವ ಮುಂಚೆಯೇ ಒಂದು ಸಣ್ಣ ಜಗಳ ಆಯಿತು. ಉಡಿ ತುಂಬುವ ಬುಟ್ಟಿ, ಅಂದರೆ ಹಸಿರು ಸೀರೆ, ಬಳೆ, ಕೊಬ್ಬರಿ ಬಟ್ಟಲು, ನಿಂಬೆಹಣ್ಣು ಇದ್ದದ್ದು, ಯಾರ ಕಾಲಿಗೂ ತಾಗಬಾರದಲ್ಲ, ಆಯಿ ಅದನ್ನು ಸೀದಾ ಸ್ಟೇರಿಂಗಿನ ಮುಂದಿನ ಹಲಗೆಯ ಮೇಲೆ ಇಟ್ಟಳು.

"ಆಯಿ, ಅಲ್ಲಿ ಬ್ಯಾಡ್ರಿ. ಗಾಳಿ ತೋರಸೋ ಮುಳ್ಳು ಕಾಣಂಗಿಲ್ಲ ನನಗ" ಅಂದರು ಚಾಚಾ.

"ಮುಳ್ಳು ನೋಡಿ ಬಸ್ಸು ಹೊಡೀತೀಯೋ ತಮ್ಮಾ, ರಸ್ತಾ ನೋಡಿ ಹೊಡೀತೀಯೋ?"

ಬಸ್ಸೆಲ್ಲ ನಕ್ಕಿತು. ಚಾಚಾನೂ ನಕ್ಕರು. ಶುಭದ ಬುಟ್ಟಿಗೆ ಕೈ ಹಚ್ಚುವುದು ಹೇಗೆ ಅಂತಲೋ ಏನೋ, ಅದನ್ನು ಅಲ್ಲೇ ಬಿಟ್ಟು ಗಾಡಿ ಚಾಲೂ ಮಾಡಿದರು.

ಅವರ ಬಸ್ಸಿನ ಹಾರನ್ನು ಹಾಡಿನ ಹಾಗೆ ಏರಿ ಇಳಿಯುತ್ತಿತ್ತು. ಜಗತ್ ಸರ್ಕಲ್ಲಿನಲ್ಲಿ ಶುರುವಾದದ್ದು ನಿಲ್ಲಲೇ ಇಲ್ಲ. ಗುಡಿ ಕಂಡರೆ ಒಮ್ಮೆ, ಗುರುತಿನವರ ಹೊಲ ಕಂಡರೆ ಒಮ್ಮೆ. "ಕುಬಸದ ಬಸ್ಸು ಹೊಂಟದ ಅಂತ ಊರಿಗೆ ಗೊತ್ತಾಗಬ್ಯಾಡೇನು? ಬಾರಸೋ ತಮ್ಮಾ!" ಅಂತ ಆಯಿ. ಪ್ರತಿ ಸಲ ತಂಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗು ನೋಡಲಿಕ್ಕೇ ನಾನೂ "ಇನ್ನೊಮ್ಮೆ ಚಾಚಾ" ಅಂದೆ. ಎಷ್ಟು ಸಲ ಅಂದೆನೋ.

ಕಮಲಾಪುರ ಇನ್ನೂ ದೂರ ಇರುವಾಗ ರಸ್ತೆ ತಿರುವು ತಿರುವಾಗಿ ಇಳಿಯತೊಡಗಿತು. ತಂಗಿಗೆ ವಾಕರಿಕೆ ಬಂತು. ನಿಂಬೆಹಣ್ಣು ತೆಗೆಯೋಣ ಅಂತ ಬುಟ್ಟಿ ಎತ್ತಿದೆ. ಅದರ ಹಿಂದೆ ಗುಂಡನೆಯ ಗಾಜು, ಒಳಗೊಂದು ಮುಳ್ಳು, ಕೆಂಪು ಗೆರೆಗಿಂತಲೂ ಕೆಳಗೆ ಬಿದ್ದುಕೊಂಡಿತ್ತು.

"ಚಾಚಾ, ಇದು ಮಲಕೊಂಡದಲ್ರಿ?" ಅಂದೆ ತಮಾಷೆಗೆ.

ಅವರು ನೋಡಿದರು. ಹಾರನ್ನಿನ ಮೇಲಿದ್ದ ಕೈ ಬೆಂಕಿ ಮುಟ್ಟಿದಂತೆ ಹಿಂದೆ ಬಂತು. ಸಣ್ಣ ದನಿಯಲ್ಲಿ ಹೇಳಿದರು: "ಬೇಟಿ, ಹಿಂದ ಯಾರಿಗೂ ಹೇಳಬ್ಯಾಡ. ಬ್ರೇಕು, ಹಾರನ್ನು, ಎರಡಕ್ಕೂ ಒಂದೇ ಟಾಕಿ ಗಾಳಿ. ಮೊದಲೇ ಸೋರೋ ಟಾಕಿ. ಊದಿ ಊದಿ ಖಾಲಿ ಮಾಡೀವಿ."

"ನಿಲ್ಲಸ್ರಿ ಮತ್ತ!"

"ನಿಲ್ಲಸಾಕೂ ಗಾಳೀನೇ ಬೇಕಲ್ಲವ್ವಾ. ಒಂದು ಸಲ ತುಳಿಯೋವಷ್ಟು ಉಳದದೋ ಇಲ್ಲೋ."

ಕೈಬ್ರೇಕು ಜಗ್ಗಿದರು. ಅದು ಕಿರ್ರೆಂದಿತೇ ಹೊರತು ಬಸ್ಸನ್ನು ಹಿಡಿಯಲಿಲ್ಲ. ಗೇರು ಇಳಿಸಿದರು, ಇನ್ನೂ ಇಳಿಸಿದರು. ಎಂಜಿನ್ನು ನನ್ನ ತೊಡೆಯ ಕೆಳಗೇ ಅರಚಿಕೊಂಡಿತು. ಎಂಜಿನ್ನು ಹೀಗೇ ಓಡುತ್ತಿದ್ದರೆ ಟಾಕಿ ಮೆಲ್ಲಗೆ ತುಂಬುತ್ತದಂತೆ. ಅಲ್ಲಿಯವರೆಗೆ ಬ್ರೇಕು ತುಳಿಯುವಂತಿಲ್ಲ, ಹಾರನ್ನು ಒತ್ತುವಂತಿಲ್ಲ. ಎದುರಿಗೆ ಕುರುಡು ತಿರುವು.

"ಅಕ್ಕಾ, ಏನಾತು?" ತಂಗಿ ಕೇಳಿದಳು.

"ಏನಿಲ್ಲ" ಅಂದೆ. ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ನಿಂಬೆಹಣ್ಣು ಮುಷ್ಟಿಯೊಳಗೇ ಒಡೆದು ರಸ ಮೊಣಕೈಗೆ ಇಳಿಯುತ್ತಿತ್ತು. ಅವಳ ಎರಡೂ ಕೈ ಹೊಟ್ಟೆಯ ಮೇಲೆ ಹೋದವು.

ಆಯಿಗೆ ಯಾರೂ ಹೇಳಲಿಲ್ಲ. ಹಾರನ್ನು ನಿಂತದ್ದರಿಂದಲೇ ಏನೋ ಕೆಟ್ಟಿದೆ ಅಂತ ಆಕೆಗೆ ತಿಳಿದಿತ್ತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದಳು: "ಸರೀರೋ! ಬಸ್ಸು ಬಂತು, ಬಾಜೂಕ ಸರೀರೋ!" ಹಿಂದೆ ತಿರುಗಿ, "ಏ, ಬಾಯಾಗ ಕಡಬು ಇಟ್ಟಕೊಂಡೀರೇನು? ಒದರ್ರಿ!" ಅಂತ ಗದರಿದಳು. ಯಾಕೆ ಅಂತ ಕೇಳದೆ ಎಲ್ಲರೂ ಒದರಿದರು. ಕೆಲವರು ಆರತಿಗೆ ತಂದ ತಾಟಿನಿಂದ ಬಸ್ಸಿನ ತಗಡು ಬಡಿದರು. ತಿರುವಿನಾಚೆ ಕಬ್ಬು ಹೇರಿದ ಟ್ರಾಕ್ಟರು ನಟ್ಟನಡುವೆ ಬರುತ್ತಿತ್ತು. ಗದ್ದಲ ಕೇಳಿ ಅದರ ಡ್ರೈವರ್ ಹೌಹಾರಿ ಬದಿಗೆ ಇಳಿಸಿದ. ಕಬ್ಬಿನ ಗರಿ ನಮ್ಮ ಕಿಟಕಿಗಳನ್ನೆಲ್ಲ ಸವರಿಕೊಂಡು ಹೋದವು. ನನ್ನ ಕಣ್ಣು ಮುಳ್ಳಿನ ಮೇಲೇ ಇತ್ತು. ಅದು ಕೆಂಪು ಗೆರೆಯ ಹತ್ತಿರ ಬಂತು, ನಿಂತಿತು, ಮತ್ತೆ ಒಂದು ಕೂದಲೆಳೆ ಏರಿತು.

ಇನ್ನೂ ಎರಡು ತಿರುವು ಹಾಗೇ ಒದರುತ್ತಲೇ ಇಳಿದೆವು. ರಸ್ತೆ ಸಪಾಟಾದಾಗ ಚಾಚಾ ಬ್ರೇಕಿನ ಮೇಲೆ ಮೆತ್ತಗೆ ಕಾಲಿಟ್ಟರು. ಫುಸ್ ಅಂತ ಸದ್ದಾಗಿ ಬಸ್ಸು ನಿಂತಿತು. ಅವರ ಕೈ ಸ್ಟೇರಿಂಗ್ ಬಿಡಲು ಬಹಳ ಹೊತ್ತು ಹಿಡಿಯಿತು.

"ನಾನೇ ಎರಡನೇ ಸಲ ಹೇಳಬೇಕಿತ್ರಿ ಆಯಿ, ಬುಟ್ಟಿ ತೆಗೀರಿ ಅಂತ."

ಆಯಿ ತಂಗಿಯ ಕೆನ್ನೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಮಗು ಹುಟ್ಟಿದ ಮೇಲೆ ತಂಗಿಯನ್ನು ಅತ್ತೆಮನೆಗೆ ಕಳಿಸಲು ಮತ್ತೆ ಆ ಬಸ್ಸನ್ನೇ ಕರೆಸಿದೆವು. ಚಾಚಾ ಹೊಸ ಟಾಕಿ ಹಾಕಿಸಿ, ಹಾಡುವ ಹಾರನ್ನು ಬಿಚ್ಚಿಸಿಬಿಟ್ಟಿದ್ದರು. ಆಯಿ ಕಮಲಾಪುರದ ತನಕ ಉಡಿಬುಟ್ಟಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಳು.