ಅವ್ವನ ಬೆರಳು ಓದಿದ ಕೌದಿ

ಒಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಕುಷ್ಟಗಿಯ ಶಾಲೆಯಲ್ಲಿ ಹತ್ತಾರು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದ ನನಗೆ ಫುಟ್‌ಪಟ್ಟಿ ಇಲ್ಲದೆ ಒಂದು ನೇರ ಗೆರೆ ಎಳೆಯಲು ಬರುತ್ತಿರಲಿಲ್ಲ. ಅದು ನಿಜಾಮರ ಕಾಲದ ಶಾಲೆ. ಉಳಿದ ಮಾಸ್ತರರು ಉರ್ದುವಿನಲ್ಲಿ ಪಾಠ ಹೇಳಲು ತಿಣುಕುತ್ತಿದ್ದರೆ ನನಗೆ ಆ ತಾಪತ್ರಯವಿರಲಿಲ್ಲ. ಹಲಗೆಯ ಮೇಲೆ ಮಾವಿನಹಣ್ಣು ಬರೆದರೆ ಅದು ಯಾವ ಭಾಷೆಯಲ್ಲೂ ಮಾವಿನಹಣ್ಣೇ. ಹುಡುಗರು ಅದನ್ನು ಬದನೆಕಾಯಿ ಎಂದುಕೊಳ್ಳುತ್ತಿದ್ದರು ಎಂಬುದು ಬೇರೆ ಮಾತು.

ಆದರೆ ಅಭಿರುಚಿಯ ವಿಷಯ ಬಂದರೆ ನಾನು ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. ರಜೆ ಸಿಕ್ಕರೆ ಇಟಗಿಗೆ ಹೋಗಿ ಗುಡಿಯ ಕಂಬಗಳ ಮುಂದೆ ಅರ್ಧ ದಿನ ನಿಲ್ಲುತ್ತಿದ್ದೆ. ಗಟ್ಟಿ ಕಲ್ಲನ್ನು ಮೇಣದ ಹಾಗೆ ತಿರುವಿದವರು ಯಾರಿರಬಹುದು ಎಂದು ಯೋಚಿಸುತ್ತಿದ್ದೆ. ಕಿನ್ನಾಳಕ್ಕೆ ಹೋದರೆ ಗೊಂಬೆಗಳಿಗೆ ಕಣ್ಣು ಬರೆಯುವವರ ಕುಂಚದ ತುದಿಯನ್ನೇ ನೋಡುತ್ತ ಕೂಡುತ್ತಿದ್ದೆ. ಬೆರಗಾಗಬೇಕಾದರೆ ಹತ್ತು ಹರದಾರಿ ನಡೆಯಲೇಬೇಕು ಎಂದು ನಂಬಿದ್ದ ಮನುಷ್ಯ ನಾನು. ದಿನಾ ಹೊದ್ದು ಮಲಗುವ ಕೌದಿಯನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಹಳೆಯ ಸೀರೆ, ಹರಿದ ಧೋತರಗಳ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆಯಲ್ಲಿ ನೋಡುವುದಾದರೂ ಏನಿರುತ್ತದೆ?

ಅಂಥ ದಿನಗಳಲ್ಲಿ ಅವ್ವ ಬೇವೂರಿನಿಂದ ನಮ್ಮ ಮನೆಗೆ ಬಂದಳು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅವಳ ಕಣ್ಣಿಗೆ ಪೊರೆ ಬಂದು, ನಾವು ಎಚ್ಚರಗೊಳ್ಳುವಷ್ಟರಲ್ಲಿ ಎರಡೂ ಕಣ್ಣು ಹೋಗಿದ್ದವು. ವೈದ್ಯರು ನೋಡಿ, ತಡವಾಯಿತು ಎಂದು ತಲೆಯಾಡಿಸಿದರು. ಬೇವೂರಿನ ಮನೆಯಲ್ಲಾಗಿದ್ದರೆ ಅವಳು ಕಣ್ಣಿಲ್ಲದೆಯೂ ಓಡಾಡುತ್ತಿದ್ದಳೇನೋ. ಅಲ್ಲಿಯ ಗೋಡೆಗಳು ಅವಳಿಗೆ ಗೊತ್ತಿದ್ದವು. ಇಲ್ಲಿ ಪಡಸಾಲೆಯ ಮೂಲೆಯೊಂದನ್ನು ಹಿಡಿದು ಕೂತವಳು ಏಳಲೇ ಇಲ್ಲ. ಕೊಟ್ಟರೆ ಅರ್ಧ ರೊಟ್ಟಿ ತಿನ್ನುವಳು. ಮಾತಾಡಿಸಿದರೆ ಹೂಂ ಅನ್ನುವಳು. ಇಡೀ ಓಣಿಗೆ ಶ್ಯಾವಿಗೆ ಹೊಸೆದುಕೊಟ್ಟ, ಹೊಲದಲ್ಲಿ ಗಂಡಸರ ಸಮಕ್ಕೆ ಸೆದೆ ಕಿತ್ತ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು.

"ಏನರೆ ಬೇಕೇನವ್ವಾ?" ಎಂದು ಒಂದು ದಿನ ಕೇಳಿದೆ.

"ಏನ್ ಬೇಕಪಾ ನನಗ? ಕಣ್ಣು ಹೋದ ಮ್ಯಾಲೆ ಕೈನೂ ಸತ್ತಂಗ ಆದ್ವು," ಎಂದಳು. ಆ ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದೇ. ನನ್ನ ಹೆಂಡತಿ ಪಾರ್ವತಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ನಾನು ಗಂಡಸಾದ್ದರಿಂದ ಹಿತ್ತಲಿಗೆ ಹೋದೆ.

ಯುದ್ಧದ ಕಾಲ. ಅಂಗಡಿಯಲ್ಲಿ ಬಟ್ಟೆ ಸಿಗುವುದೇ ಕಷ್ಟವಾಗಿತ್ತು. ಚಳಿಗಾಲಕ್ಕೆ ಅವ್ವನಿಗೊಂದು ಹೊದಿಕೆ ಬೇಕು ಎಂದು ಪಾರ್ವತಿ ಅವ್ವನ ಟ್ರಂಕು ತೆರೆದಳು. ಅದರ ತುಂಬ ಹಳೆಯ ಬಟ್ಟೆಗಳು. ಅವನ್ನೆಲ್ಲ ಕೌದಿ ಮಾಡಿಸೋಣ ಎಂದು ನಿಶ್ಚಯಿಸಿ ಹಿಂದಿನ ಓಣಿಯ ಹನುಮವ್ವನನ್ನು ಕರೆಸಿದಳು. ಹನುಮವ್ವ ಹೊಲದ ಕೆಲಸವಿದ್ದಾಗ ಕೂಲಿಗೆ ಹೋಗುವಳು, ಇಲ್ಲದಾಗ ಕೌದಿ ಹೊಲಿಯುವಳು. ಬಂದವಳೇ ಒಂದೊಂದು ಬಟ್ಟೆಯನ್ನೂ ಎತ್ತಿ ಹಿಡಿದು ಪಾರ್ವತಿಯನ್ನು ವಿಚಾರಿಸಿದಳು. "ಇದು ಯಾರದವ್ವಾ ತಂಗಿ? ಅವರು ಏನ್ ಮಾಡ್ತಿದ್ರು? ಇದನ್ನ ಯಾವಾಗ ಉಡ್ತಿದ್ರು?" ಪೊಲೀಸ್ ಚೌಕಿಯಲ್ಲಿಯೂ ಅಷ್ಟು ವಿಚಾರಣೆ ನಡೆಯುವುದಿಲ್ಲ. ಆಮೇಲೆ ಕೆಲಸ ಶುರುಮಾಡದೆ ಎರಡು ದಿನ ಎಲೆ ಅಡಿಕೆ ಮೆಲ್ಲುತ್ತ ಅವ್ವನ ಎದುರು ಕೂತಳು. ಅವ್ವ ಗೋಡೆಯನ್ನು ಹೇಗೆ ಮುಟ್ಟುತ್ತಾಳೆ, ನೀರಿನ ತಂಬಿಗೆಯನ್ನು ಹೇಗೆ ಹುಡುಕುತ್ತಾಳೆ, ಸೀರೆಯ ಅಂಚನ್ನು ಬೆರಳಲ್ಲಿ ಹೇಗೆ ಹೊರಳಿಸುತ್ತಾಳೆ ಎಂದು ನೋಡುತ್ತಿದ್ದಳು. ಸೋಮಾರಿ ಹೆಂಗಸು ಎಂದುಕೊಂಡೆ.

ಮೂರನೆಯ ದಿನ ತುಂಡುಗಳನ್ನು ಹರವಿದಳು. ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ಮಾಸಿದ ಬಿಳಿ, ಅದರ ಮೇಲೊಂದು ಕಂದು. ನನ್ನೊಳಗಿನ ಡ್ರಾಯಿಂಗ್ ಮಾಸ್ತರನಿಗೆ ತಡೆಯಲಾಗಲಿಲ್ಲ. ಕಾಗದ ತಂದು, ಫುಟ್‌ಪಟ್ಟಿ ಇಟ್ಟು, ನಡುವೆ ಒಂದು ಕಮಲ, ನಾಲ್ಕು ಮೂಲೆಗೆ ನಾಲ್ಕು ಗಿಳಿ ಬರೆದು ಬಣ್ಣದ ವಿವರಣೆ ಸಮೇತ ಕೊಟ್ಟೆ.

"ಭಾಳ ಛಲೋ ಐತ್ರಿ ಮಾಸ್ತರ," ಎಂದು ಕಾಗದವನ್ನು ಗೌರವದಿಂದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಂಜೆ ನೋಡಿದರೆ ನನ್ನ ಕಮಲದಲ್ಲಿ ಅವಳ ಅಡಿಕೆ ಚೂರುಗಳು ಬೆಚ್ಚಗೆ ಮಲಗಿದ್ದವು.

ಹೊಲಿಗೆಯನ್ನು ನೋಡಿ ಇನ್ನೂ ಬೇಸರವಾಯಿತು. ಕೌದಿಯೆಂದರೆ ಅಂಚಿನಿಂದ ನಡುವಿನವರೆಗೆ ಒಂದೇ ಸಮನೆ ಸಾಲುಹೊಲಿಗೆ ಇರಬೇಕು. ಅಷ್ಟು ನನಗೂ ಗೊತ್ತಿತ್ತು. ಇವಳು ಒಂದು ತುಂಡಿಗೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಹೊಲಿಯುತ್ತಿದ್ದಳು. ಸಾಲದ್ದಕ್ಕೆ, ಮಧ್ಯಾಹ್ನ ಶಾಲೆಯಿಂದ ಊಟಕ್ಕೆ ಬಂದಾಗೆಲ್ಲ ನೋಡಿದರೆ ಅವಳ ಕಣ್ಣು ಮುಚ್ಚಿರುತ್ತಿತ್ತು. "ನಿದ್ದಿಗಣ್ಣಾಗ ಹೊಲ್ಯಾಕ ಹತ್ಯಾಳ," ಎಂದು ಪಾರ್ವತಿಯ ಹತ್ತಿರ ಗೊಣಗಿದೆ. ಅವಳು, "ನೀವು ಸುಮ್ನ ಉಣ್ರಿ," ಎಂದಳು.

ಇಪ್ಪತ್ತು ದಿನಗಳ ಮೇಲೆ ಕೌದಿ ಮುಗಿಯಿತು. ಕೊನೆಯ ಕಿಂಡಿಯನ್ನು ಮುಚ್ಚುವ ಮುಂಚೆ ಹನುಮವ್ವ ಒಂದು ಚೂರು ರೊಟ್ಟಿಯನ್ನು ಒಳಗಿಟ್ಟು ಹೊಲಿದಳು. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆಯಂತೆ. ಆಮೇಲೆ ಅದನ್ನು ತಂದು ಅವ್ವನ ಮಡಿಲ ಮೇಲೆ ಹರವಿದಳು. "ನೋಡ್ರಿ ಯವ್ವಾ," ಎಂದಳು. ಕಣ್ಣಿಲ್ಲದವಳಿಗೆ ನೋಡು ಅನ್ನುತ್ತಾಳಲ್ಲ ಎಂದು ನನಗೆ ಚುರುಕ್ಕೆಂದಿತು.

ಅವ್ವ ಮೊದಲು ಉಪಚಾರಕ್ಕೆಂಬಂತೆ ಕೈಯಾಡಿಸಿದಳು. ಕೈ ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಮುಂದೆ ಬಂತು. ಬೆರಳು ಹೊಲಿಗೆಯ ಸಾಲಿನ ಮೇಲೆ ನಡೆಯತೊಡಗಿತು.

"ಮೂರು ಸಾಲು... ಆಮ್ಯಾಲೆ ಬಿಡುವು... ಮತ್ತ ಮೂರು ಸಾಲು," ಎಂದಳು ಮೆಲ್ಲಗೆ. "ತಮ್ಮಾ, ಇದು ನಿಮ್ಮಪ್ಪನ ಧೋತರ. ಕೂರಿಗಿ ಹೂಡಿ ಬಿತ್ತಿದಂಗ ಹೊಲಿದಾಳ."

ನಾನು ಬಗ್ಗಿ ನೋಡಿದೆ. ಹೌದು, ಮಾಸಿದ ಬಿಳಿಯ ಮೇಲೆ ಒಂದು ಬಿತ್ತಿದ ಹೊಲವೇ ಇತ್ತು. ಇಪ್ಪತ್ತು ದಿನ ನನ್ನ ಕಣ್ಣೆದುರಿಗೇ ಇತ್ತು.

ಬೆರಳು ಮುಂದೆ ಹೋಯಿತು. ಒಂದು ಕಡೆ ಒಂದರೊಳಗೊಂದು ದುಂಡು ಸುತ್ತುಗಳು. ಅವ್ವ ರೊಟ್ಟಿ ಬಡಿಯುವಾಗ ಉಡುತ್ತಿದ್ದ ಸೀರೆ. ಒಂದು ಕಡೆ ಹೊಲಿಗೆಯೇ ಇಲ್ಲದೆ ನುಣ್ಣಗೆ ಬಿಟ್ಟ ರೇಷ್ಮೆ. ಅದು ಅವಳ ಮದುವೆಯ ಇಳಕಲ್ ಸೀರೆಯ ಸೆರಗು. ಅಲ್ಲಿ ಬೆರಳು ಬಹಳ ಹೊತ್ತು ನಿಂತಿತು, ಅವಳ ಮುಖ ಸ್ವಲ್ಪ ಕೆಂಪಾಯಿತು. ಆಮೇಲೆ ಕಂದು ತುಂಡು ಬಂತು. ಅದಕ್ಕೊಂದು ಕಿಸೆಯಿತ್ತು, ಅದನ್ನು ಮುಚ್ಚಿ ಹೊಲಿಯದೆ ಬಾಯಿ ತೆರೆದೇ ಬಿಟ್ಟಿದ್ದಳು. ಅವ್ವ ಅದರೊಳಗೆ ಎರಡು ಬೆರಳು ಇಳಿಸಿದವಳೇ ಗಟ್ಟಿಯಾಗಿ ನಕ್ಕಳು. "ಇದು ನಿನ್ನ ಸಾಲಿ ಅಂಗಿ! ಈ ಕಿಸೇದಾಗ ಬೆಲ್ಲ ತುಂಬಿಕೊಂಡು ಹೋಗಿ ಇರುವಿ ಕಡಿಸ್ಕೊಂಡು ಬಂದಿದ್ದೆಲ್ಲೋ!"

ತಿಂಗಳುಗಳಿಂದ ಆ ಮನೆಯಲ್ಲಿ ಕೇಳದ ನಗು ಅದು. ಪಾರ್ವತಿ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ನನ್ನ ಮೈಮೇಲೆ ಮುಳ್ಳೆದ್ದಿತು. ಇಟಗಿಯ ಕಂಬಗಳ ಮುಂದೆ ನಿಂತಾಗಲೂ ನನಗೆ ಹಾಗಾಗಿರಲಿಲ್ಲ. ಚಿತ್ರವೆಂದರೆ ಕಣ್ಣಿಗಾಗಿ ಬರೆಯುವುದು ಎಂದು ತಿಳಿದಿದ್ದವನ ಎದುರಿಗೆ, ಅಕ್ಷರ ಬಾರದ ಕೂಲಿ ಹೆಂಗಸೊಬ್ಬಳು ಸೂಜಿ ದಾರದಲ್ಲಿ ಬೆರಳಿಗಾಗಿ ಒಂದು ಜೀವಮಾನವನ್ನು ಬರೆದಿಟ್ಟಿದ್ದಳು. ಓದುವವರಿಗೆ ಕಣ್ಣಿಲ್ಲವೆಂದು ತಾನೂ ಕಣ್ಣು ಮುಚ್ಚಿಕೊಂಡು, ಮುಟ್ಟಿ ಮುಟ್ಟಿ ನೋಡಿ ಹೊಲಿದಿದ್ದಳು.

ಅಷ್ಟರಲ್ಲಿ ಅವ್ವನ ಬೆರಳು ಕೆಳಗಿನ ಮೂಲೆಯಲ್ಲಿ ತಡೆದು ನಿಂತಿತು. ಹುಬ್ಬು ಗಂಟಾಯಿತು. "ಹನುಮವ್ವಾ, ಇಲ್ಲಿ ಗೇಣುದ್ದ ಹೊಲಿಗಿ ಸಡಿಲ ಐತಲ್ಲ?"

"ಹೌದೇನ್ರಿ ಯವ್ವಾ? ಕೈ ತಪ್ಪೈತಿ ನೋಡ್ರಿ. ನಾಳೆ ಬಂದು ಹೊಲಿದು ಕೊಡ್ತೀನಿ."

"ನಾಳೆ ಯಾಕ? ಪಾರ್ವತೀ, ಸೂಜಿ ತಾ," ಎಂದಳು ಅವ್ವ.

ಪಾರ್ವತಿ ದಾರ ಪೋಣಿಸಿ ಕೊಟ್ಟಳು. ಅವ್ವನ ಎಡಗೈ ಬೆರಳು ದಾರಿ ತೋರಿಸಿತು, ಬಲಗೈ ಸೂಜಿ ಹಿಂದೆ ಹೋಯಿತು. ಎರಡು ಸಲ ಚುಚ್ಚಿಕೊಂಡಳು, ಹಾ ಎಂದಳು, ಬಿಡಲಿಲ್ಲ. ಆ ಗೇಣುದ್ದ ಹೊಲಿಗೆಗೆ ಸಂಜೆಯಾಯಿತು. ಆ ಸಂಜೆ ಅವಳು ಎರಡು ರೊಟ್ಟಿ ತಿಂದಳು. ವಾರ ಕಳೆಯುವಷ್ಟರಲ್ಲಿ ಪಾರ್ವತಿಯ ಹಳೆಯ ಸೀರೆಯೊಂದನ್ನು ಮುಂದಿಟ್ಟುಕೊಂಡು ತಾನೇ ಸಣ್ಣ ಕೌದಿಯೊಂದನ್ನು ಶುರುಮಾಡಿದಳು. ಗೋಡೆ ಹಿಡಿದು ಓಣಿಯ ಕಟ್ಟೆಯವರೆಗೂ ಹೋಗಿ, ಯಾರ ಮನೆಯಲ್ಲಿ ಚಿಂದಿಯಿದೆ ಎಂದು ವಿಚಾರಿಸಿ ಬರುತ್ತಿದ್ದಳು.

ನನಗೊಂದು ಅನುಮಾನ ಕೊರೆಯುತ್ತಲೇ ಇತ್ತು. ಹನುಮವ್ವ ದಾರಿಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ. "ಅಲ್ಲ ಹನುಮವ್ವ, ಆ ಮೂಲಿ ಹೊಲಿಗಿ ಖರೇನ ಕೈ ತಪ್ಪಿತ್ತೇನು?"

ಅವಳು ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಸರಿಮಾಡಿಕೊಂಡು ನನ್ನನ್ನು ಒಂದು ಗಳಿಗೆ ನೋಡಿದಳು. "ಎಲ್ಲಾ ಮುಗಿಸಿ ಕೊಟ್ಟಿದ್ರ ಹೊದ್ಕೊಂಡು ಮಲಗ್ತಿದ್ರು ಮಾಸ್ತರ. ಒಂಚೂರು ಉಳಿಸಿದೆ, ಎದ್ದು ಕುಂತ್ರು," ಎಂದು ಹೊರಟುಹೋದಳು.

ಈ ಮಹಾರಹಸ್ಯವನ್ನು ಹೊತ್ತು ಓಡೋಡಿ ಮನೆಗೆ ಬಂದೆ. ಅವ್ವ ಕಟ್ಟೆಯ ಮೇಲೆ ಹೊಲಿಯುತ್ತ ಕೂತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಗೊತ್ತೈತಿ," ಎಂದಳು. "ಅಂಥಾ ಕೈ ತಪ್ಪತೈತೇನೋ ಹುಚ್ಚಪ್ಪಾ? ಆಕಿ ಮುಂದ ಮಾತ್ರ ಬಾಯಿ ಬಿಡಬ್ಯಾಡ, ಪಾಪ, ಖುಷಿಯಿಂದ ಅದಾಳ." ಸೂಜಿಯನ್ನು ನನ್ನ ಕಡೆ ಚಾಚಿದಳು. "ದಾರ ಮುಗದೈತಿ. ಪೋಣಿಸಿ ಕೊಡು."

ಅದೊಂದು ಕೆಲಸ ನನಗೆ ನಾಲ್ಕನೆಯ ಸಲಕ್ಕೆ ಕೈಗೂಡಿತು.